ಅಲುಗದ ಮರದ ಬೊಡ್ಡೆ ಕಿತ್ತ ನನ್ನ ಅನುಭವ

ಮೊದಲ ದಿನ ಸರಪಳಿ ಕಟ್ಟಿ ಸುಮ್ನೆ ಎಳೆದೆ. ಬೊಡ್ಡೆ ಅಲುಗಲಿಲ್ಲ, ಸಣ್ಣ ಟ್ರ್ಯಾಕ್ಟರಿನ ಚಕ್ರಗಳೇ ಮಣ್ಣಲ್ಲಿ ಹೂತವು. ಬೇರು ಕಡಿಯದೆ ಎಳೆದದ್ದೇ ತಪ್ಪು.

ಮರುದಿನ ಸುತ್ತಲೂ ಒಂದೂವರೆ ಅಡಿ ಅಗೆದೆ. ಬೇರುಗಳ ಮಣ್ಣನ್ನು ನೀರು ಹಾಕಿ ತೊಳೆದೆ. ಮಣ್ಣು, ಕಲ್ಲು ತಾಗಿದರೆ ಕೊಡಲಿ ಬೇಗ ಮೊಂಡಾಗುತ್ತದೆ, ಅಲ್ವಾ? ಪಕ್ಕದ ಬೇರುಗಳನ್ನು ಎರಡೆರಡು ಕಡೆ ಕಡಿದು ತುಂಡು ತೆಗೆದೆ. ಹಾರೆ ಹಾಕಲು ಜಾಗ ಸಿಕ್ಕಿತು.

ಬೊಡ್ಡೆಯನ್ನು 3 ಅಡಿ ಎತ್ತರ ಬಿಟ್ಟಿದ್ದು ಒಳ್ಳೆಯದಾಯಿತು. ಉದ್ದ ಸರಪಳಿಯನ್ನು ಅದರ ಮೇಲ್ಭಾಗಕ್ಕೆ ಬಿಗಿದೆ. ಟ್ರ್ಯಾಕ್ಟರಿನಲ್ಲಿ ಮಾತ್ರ ಹಿಂದೆ ಕೆಳಗಿರುವ ಎಳೆಯುವ ಕಬ್ಬಿಣದ ಪಟ್ಟಿ, ಅಂದರೆ ಡ್ರಾಬಾರ್‌ಗೇ ಕಟ್ಟಬೇಕು. ಮೇಲೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚಬಹುದು, ಜೀವಕ್ಕೇ ಅಪಾಯ.

ಲೋ ಗೇರಿನಲ್ಲಿ ನಿಧಾನವಾಗಿ ಎಳೆದಾಗ ಬೊಡ್ಡೆ ವಾಲಿತು, ತಾಯಿಬೇರು ಕಂಡಿತು. ಸರಪಳಿ ಸಡಿಲಿಸಿ ಅದನ್ನೂ ಕಡಿದೆ. ಮುಂದಿನ ಎಳೆತಕ್ಕೆ ಬುಡಸಮೇತ ಬಂತು!