ದಾವಣಗೆರೆಯಿಂದ ಜೋಗಕ್ಕೆ: ಹೊರಡುವ ಮುನ್ನ ಲಿಂಗನಮಕ್ಕಿಯ ಮಟ್ಟ ನೋಡಿ

ಮುಂಗಾರಿನ ದಿನಗಳಲ್ಲಿ ದಾವಣಗೆರೆ ಸೀಮೆಯ ಭತ್ತದ ಬೆಳೆಗಾರರು ಪತ್ರಿಕೆ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಭದ್ರಾ ಜಲಾಶಯದ ಮಟ್ಟವನ್ನು. 186 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು ಕ್ಯೂಸೆಕ್, ನಾಲೆಗೆ ನೀರು ಯಾವಾಗ ಎಂಬ ಲೆಕ್ಕ ಇಲ್ಲಿ ಚಹಾದಂಗಡಿಯಲ್ಲೂ ನಡೆಯುತ್ತದೆ. ಜೋಗ ಜಲಪಾತಕ್ಕೆ ಹೊರಡುವವರು ಅದೇ ಪಟ್ಟಿಯಲ್ಲಿ ಲಿಂಗನಮಕ್ಕಿಯ ಸಾಲನ್ನೂ ಓದುವ ರೂಢಿ ಮಾಡಿಕೊಳ್ಳಬೇಕು. ನಮ್ಮೂರಿನಲ್ಲಿ ಮಳೆ ಬಂದಿತೆಂದು ಜೋಗಕ್ಕೆ ಹೊರಡುವುದರಲ್ಲಿ ಅರ್ಥವಿಲ್ಲ. ಹೊಸನಗರ, ನಗರ ಕಡೆ ಮಳೆ ಹೇಗಿದೆ, ಅಣೆಕಟ್ಟೆಯಲ್ಲಿ ನೀರು ಎಷ್ಟಿದೆ ಎಂಬುದನ್ನು ತಿಳಿದು ದಿನ ಗೊತ್ತುಮಾಡುವುದು ಸರಿಯಾದ ಕ್ರಮ.

ಇದಕ್ಕೆ ಕಾರಣವಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ, ಜೋಗದಿಂದ ಸುಮಾರು 6 ಕಿ.ಮೀ. ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯನ್ನು ಕಟ್ಟಲಾಗಿದ್ದು, ಅದು 1964ರಲ್ಲಿ ಪೂರ್ಣಗೊಂಡಿತು. ಅಲ್ಲಿ ನಿಂತ ನೀರಿನ ಬಹುಭಾಗ ಜಲಪಾತದ ದಾರಿಯನ್ನೇ ಹಿಡಿಯುವುದಿಲ್ಲ. ಕಾಲುವೆಯ ಮೂಲಕ ತಳಕಳಲೆ ಸಮತೋಲನ ಜಲಾಶಯಕ್ಕೆ, ಅಲ್ಲಿಂದ ಕೊಳವೆಗಳ ಮೂಲಕ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಜೋಗಕ್ಕೆ ಹೋದವರಿಗೆ ಕಾಣುವುದು ಬಂಡೆ ಮತ್ತು ಅದರ ಮೇಲೊಂದೆರಡು ತೆಳ್ಳನೆಯ ಎಳೆ ಮಾತ್ರ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ನೀರು ಆ ಅಂಕಿಯ ಹತ್ತಿರ ಬಂದು ಒಳಹರಿವೂ ಜೋರಾಗಿದ್ದರೆ ಕ್ರಸ್ಟ್ ಗೇಟ್‌ಗಳನ್ನು ತೆರೆಯುತ್ತಾರೆ. ಎಲ್ಲ ವರ್ಷವೂ ಆ ಯೋಗ ಕೂಡಿಬರುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಭದ್ರೆಯೂ ತುಂಬಲಿಲ್ಲ, ಲಿಂಗನಮಕ್ಕಿಯೂ ತುಂಬಲಿಲ್ಲ. ಮರುವರ್ಷ ಆಗಸ್ಟ್ ಆರಂಭದಲ್ಲೇ ಗೇಟುಗಳು ತೆರೆದವು.

ಗೇಟು ತೆರೆದ ಸುದ್ದಿ ಬಂದೊಡನೆ ಜನ ಮುಗಿಬೀಳುತ್ತಾರೆ. ಆದರೆ ಮೊದಲ ಸಲ ನೋಡುವವರಿಗೆ ನನ್ನ ಸಲಹೆ ಬೇರೆ. ಗೇಟು ಮುಚ್ಚಿದ್ದು, ಅಣೆಕಟ್ಟೆಯ ಕೆಳಗಿನ ಕಾಡಿನಲ್ಲಿ ನಾಲ್ಕಾರು ದಿನ ಬಿಡದೆ ಮಳೆ ಸುರಿದಿರುವಾಗ ಹೋಗುವುದು ಉತ್ತಮ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಂಥ ದಿನಗಳು ಬೇಕಾದಷ್ಟು ಸಿಗುತ್ತವೆ. ಆಗ ನಾಲ್ಕು ಧಾರೆಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಗೇಟು ತೆರೆದ ದಿನ ರಭಸವೇನೋ ಹೆಚ್ಚು, ಆದರೆ ಕಣಿವೆಯಿಂದ ಏಳುವ ಹನಿಯ ಮೋಡದಲ್ಲಿ ಜಲಪಾತವೇ ಮುಚ್ಚಿಹೋಗಬಹುದು. ರಸ್ತೆಯಲ್ಲಿ ವಾಹನಗಳ ಸಾಲು ಬೇರೆ. ಶನಿವಾರ, ಭಾನುವಾರಗಳನ್ನು ತಪ್ಪಿಸಲು ಸಾಧ್ಯವಾದರೆ ತಪ್ಪಿಸಿ. ಕಾಮಗಾರಿಯ ನಿಮಿತ್ತ ಪ್ರವೇಶ ನಿಲ್ಲಿಸುವುದೂ ಉಂಟು. 2025ರ ಆರಂಭದ ತಿಂಗಳುಗಳಲ್ಲಿ ಮುಖ್ಯದ್ವಾರದ ಕೆಲಸಕ್ಕಾಗಿ ಹಾಗೆ ಮಾಡಲಾಗಿತ್ತು. ಆದ್ದರಿಂದ ಹೊರಡುವ ಹಿಂದಿನ ದಿನ ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು.

ದಾವಣಗೆರೆಯವರು ಹೊನ್ನಾಳಿಯ ಮೇಲಿಂದಲೂ, ಚಿತ್ರದುರ್ಗದವರು ಹೊಳಲ್ಕೆರೆ, ಚನ್ನಗಿರಿಯ ಮೇಲಿಂದಲೂ ಶಿವಮೊಗ್ಗ ಸೇರಬಹುದು. ಅಲ್ಲಿಂದ ಬಿ.ಎಚ್. ರಸ್ತೆಯಲ್ಲಿ ಆಯನೂರು, ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ ದಾಟಿ ಸುಮಾರು 100 ಕಿ.ಮೀ. ಕ್ರಮಿಸಿದರೆ ಜೋಗ. ಬಸ್ಸಿನಲ್ಲಿ ಹೋಗುವವರು ಶಿವಮೊಗ್ಗ ಮತ್ತು ಸಾಗರದಲ್ಲಿ ಬಸ್ಸು ಬದಲಿಸುವ ಲೆಕ್ಕ ಇಟ್ಟುಕೊಂಡು ನಸುಕಿನಲ್ಲೇ ಹೊರಡಬೇಕು. ರೈಲು ತಾಳಗುಪ್ಪದವರೆಗೆ ಇದೆಯಾದರೂ ನಮ್ಮ ಕಡೆಯವರು ಬೀರೂರಿಗೆ ಹೋಗಿ ಗಾಡಿ ಬದಲಿಸಬೇಕಾಗುವುದರಿಂದ ಒಂದೇ ದಿನದಲ್ಲಿ ಹೋಗಿಬರುವವರಿಗೆ ಅದು ಒದಗುವುದಿಲ್ಲ.

ಮುಖ್ಯದ್ವಾರ ಶಿವಮೊಗ್ಗ ಜಿಲ್ಲೆಯ ಬದಿಯಲ್ಲಿದೆ. ಅಲ್ಲಿನ ವೀಕ್ಷಣಾ ಕಟ್ಟೆಯಲ್ಲಿ ನಿಂತರೆ ಎಡದಿಂದ ಬಲಕ್ಕೆ ರಾಜ, ರೋರರ್, ರಾಕೆಟ್, ರಾಣಿ ಎದುರಾಗುತ್ತವೆ. ರಾಜ 253 ಮೀಟರ್ ಎತ್ತರದಿಂದ ಬಂಡೆಯನ್ನು ತಾಕದೆ ನೇರವಾಗಿ ಧುಮುಕುತ್ತದೆ. ಪಕ್ಕದ ರೋರರ್ ಗರ್ಜಿಸುತ್ತ ಬಂಡೆಯ ಸಂದಿಯಲ್ಲಿ ಓರೆಯಾಗಿ ಇಳಿದು ಅರ್ಧದಾರಿಯಲ್ಲಿ ರಾಜನನ್ನು ಕೂಡಿಕೊಳ್ಳುತ್ತದೆ. ಇವೆರಡೂ ಸೇರುವ ಜಾಗವನ್ನು ಕಣ್ಣಿಟ್ಟು ಹುಡುಕಿ, ಬಹುತೇಕರು ಅದನ್ನು ಗಮನಿಸದೆ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ರಾಕೆಟ್ಟಿನ ನೀರು ಬಂಡೆಗೆ ಬಡಿದು ಚಿಮ್ಮಿ ಚಿಮ್ಮಿ ಬೀಳುತ್ತದೆ. ರಾಣಿ ಮಾತ್ರ ಅವಸರವಿಲ್ಲದೆ ನೊರೆನೊರೆಯಾಗಿ ಬಂಡೆಯ ಮೈಮೇಲೆ ಜಾರುತ್ತಾಳೆ. ಮಂಜು ಕವಿದು ಎದುರಿಗೆ ಬರೀ ಬಿಳುಪು ಕಂಡರೆ ನಿರಾಶರಾಗಿ ಹಿಂದಿರುಗಬೇಡಿ. ಗಾಳಿ ತಿರುಗಿದಾಗ ಪರದೆ ಸರಿಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಇಲ್ಲಿ ಒಂದೆರಡು ತಾಸು ಕಾಯುವುದಕ್ಕೆ ತಯಾರಾಗಿಯೇ ಬರಬೇಕು.

ಸಮಯವಿದ್ದರೆ ಸೇತುವೆ ದಾಟಿ ಸಿದ್ದಾಪುರದ ದಿಕ್ಕಿನಲ್ಲಿ ಉತ್ತರ ಕನ್ನಡದ ಬದಿಗೂ ಹೋಗಿ. ಒಂದು ಕಾಲಕ್ಕೆ ಬಾಂಬೆ ಪ್ರಾಂತಕ್ಕೆ ಸೇರಿದ್ದ ಆ ದಂಡೆಯ ಹಳೆಯ ಬಂಗಲೆಯ ಕಡೆಯಿಂದ ರಾಜನ ನೆತ್ತಿ ಕಾಣುತ್ತದೆ. ಆದರೆ ಬೇಲಿ ದಾಟಿ ಅಂಚಿನ ಬಂಡೆಯತ್ತ ಹೆಜ್ಜೆ ಇಡಲೇಬಾರದು. ಪಾಚಿ ಹಿಡಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. ಮುಖ್ಯದ್ವಾರದ ಬದಿಯಿಂದ ಕಣಿವೆಯ ತಳಕ್ಕೆ ಸುಮಾರು 1,400 ಮೆಟ್ಟಿಲುಗಳಿದ್ದು, ಮಳೆಗಾಲದಲ್ಲಿ ಅವುಗಳನ್ನು ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ತೆರೆದಿದ್ದರೂ ಮಂಡಿನೋವಿನವರು ಇಳಿಯುವ ಹುಮ್ಮಸ್ಸು ತೋರದಿರಲಿ, ಇಳಿದಷ್ಟನ್ನೂ ಹತ್ತಬೇಕಾಗುತ್ತದೆ. ಕಾವಲಿನವರು ಬೇಡವೆಂದರೆ ವಾದಿಸದೆ ಹಿಂದಿರುಗಿ.

ಬಯಲುಸೀಮೆಯವರಾದ ನಾವು ಮಳೆಯೆಂದರೆ ಕೊಡೆ ಸಾಕೆಂದುಕೊಳ್ಳುತ್ತೇವೆ. ಜೋಗದಲ್ಲಿ ನೀರು ಮೇಲಿನಿಂದಷ್ಟೇ ಬರುವುದಿಲ್ಲ. ಕಣಿವೆಯ ಗಾಳಿ ಹನಿಗಳನ್ನು ಕೆಳಗಿನಿಂದ ಮೇಲಕ್ಕೆ ಎರಚಿ ಕೊಡೆಯನ್ನು ಮಗುಚಿಬಿಡುತ್ತದೆ. ಟೊಪ್ಪಿಗೆಯುಳ್ಳ ರೇನ್‌ಕೋಟು, ಹಿಡಿತವಿರುವ ಚಪ್ಪಲಿ, ಮೊಬೈಲಿಗೊಂದು ಪ್ಲಾಸ್ಟಿಕ್ ಚೀಲ, ವಾಹನದಲ್ಲಿ ಒಂದು ಜೊತೆ ಒಣಬಟ್ಟೆ ಇರಲಿ. ಹುಲ್ಲು ಮತ್ತು ತರಗೆಲೆಯ ದಾರಿಯಲ್ಲಿ ಇಂಬಳಗಳಿರುತ್ತವೆ. ಬೆಂಕಿಕಡ್ಡಿಗಿಂತ ಸಣ್ಣದಾಗಿ ಕಾಲುಚೀಲದ ಹೆಣಿಗೆಯೊಳಗೆ ನುಸುಳುವ ಇಂಬಳ ರಕ್ತ ಹೀರಿ ಉಬ್ಬಿದ ಮೇಲಷ್ಟೇ ಗೊತ್ತಾಗುತ್ತದೆ. ಕಿತ್ತೆಳೆಯದೆ ಉಪ್ಪನ್ನೋ ಎಲೆಯಡಿಕೆಯ ಸುಣ್ಣವನ್ನೋ ತಾಗಿಸಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಒಸರುವುದು ಸಹಜ. ಗಾಯ ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಬುತ್ತಿಯ ವಿಷಯದಲ್ಲಿ ಒಂದು ಮಾತು. ದಾವಣಗೆರೆಯವರಿಗೆ ಮಂಡಕ್ಕಿಯಿಲ್ಲದೆ ಪ್ರವಾಸವೇ ಇಲ್ಲ, ಆದರೆ ಅಲ್ಲಿನ ತೇವಕ್ಕೆ ಚೀಲ ಬಿಚ್ಚಿ ಒಗ್ಗರಣೆ ಕಲಸುವಷ್ಟರಲ್ಲಿ ಅದು ಮೆತ್ತಗಾಗುತ್ತದೆ. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ವಾಹನದೊಳಗೇ ಕುಳಿತು ತಿನ್ನಿ. ಹೊರಗೆ ಮಂಗಗಳು ಕಾದಿರುತ್ತವೆ.

ಮಧ್ಯಾಹ್ನದೊಳಗೆ ಜೋಗ ಮುಗಿದರೆ ಹಿಂದಿರುಗುವಾಗ ಸಾಗರದ ಸಮೀಪದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯ ನೋಡಬಹುದು. ದುರ್ಗದ ಕೋಟೆಯಲ್ಲಿ ನಾಯಕರ ಕಲ್ಲುಗೆಲಸ ನೋಡಿ ಬೆಳೆದವರಿಗೆ ಕೆಳದಿ ನಾಯಕರ ಈ ಗುಡಿ ಹೋಲಿಸಿ ನೋಡಲು ಒಳ್ಳೆಯ ಜಾಗ. ಮಳೆಗಾಲದಲ್ಲಿ ಬೇಗ ಕತ್ತಲಾವರಿಸುತ್ತದೆ. ಸಾಗರದಿಂದ ಶಿವಮೊಗ್ಗದವರೆಗಿನ ಸುಮಾರು 70 ಕಿ.ಮೀ. ದಾರಿಯನ್ನು ಬೆಳಕಿರುವಾಗಲೇ ದಾಟುವಂತೆ ಹೊರಡಿ. ತಡವಾಯಿತೆಂದು ಕಂಡರೆ ಸಾಗರದಲ್ಲೇ ಉಳಿದು ಬೆಳಿಗ್ಗೆ ಊರಿಗೆ ಮರಳಿ.