ಬದು ಬೇರೆ, ಹದ್ದು ಬೇರೆ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಪಕ್ಕದವರು ಸಸಿ ನೆಡುವ ಮುನ್ನ ಜೆಸಿಬಿ ತರಿಸಿ, ನಡುವಿನ ಹಳೆಯ ಬದುವನ್ನು ಮಟ್ಟ ಮಾಡಿ, ತಮಗೆ ಸರಿ ಕಂಡಲ್ಲಿ ಹೊಸ ಬದು ಹಾಕಿಸಿದಾಗ, ಅವರು ನಮ್ಮ ಜಾಗವನ್ನು ಒತ್ತಿದ್ದಾರೆಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಪಹಣಿ ಹಿಡಿದುಕೊಂಡೇ ಜಗಳಕ್ಕೆ ಹೋದೆ. ಪಹಣಿಯಲ್ಲಿ ವಿಸ್ತೀರ್ಣವಿರುತ್ತದೆಯೇ ಹೊರತು ಜಮೀನಿನ ಆಕಾರ ಇರುವುದಿಲ್ಲ. ಮೇಲಾಗಿ ನಮ್ಮ 3 ಎಕರೆ 12 ಗುಂಟೆಯಲ್ಲಿ 4 ಗುಂಟೆ ಹಳ್ಳದ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗವೆಂದು ಅದರಲ್ಲೇ ನಮೂದಾಗಿದ್ದರೂ ನಾನು ಅದನ್ನು ಸೇರಿಸಿಯೇ ಲೆಕ್ಕ ಹಾಕುತ್ತಿದ್ದೆ.

ಕೋಪ ಇಳಿದ ಮೇಲೆ ತಾಲ್ಲೂಕು ಕಚೇರಿಯಿಂದ ಟಿಪ್ಪಣಿ (ಜಮೀನಿನ ಅಳತೆಗಳಿರುವ ಸರ್ವೆ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯಗಳ ದಾಖಲೆ) ನಕಲುಗಳನ್ನು ಪಡೆದೆ. ಹಳೆಯ ಟಿಪ್ಪಣಿಯ ಅಳತೆಗಳು ಸರಪಳಿ ಮತ್ತು ಆಣೆಗಳಲ್ಲಿರುತ್ತವೆ. ಒಂದು ಸರಪಳಿಗೆ 33 ಅಡಿ, ಅದರ ಹದಿನಾರನೆಯ ಒಂದು ಪಾಲು ಆಣೆ, ಅಂದರೆ ಎರಡು ಅಡಿಗಿಂತ ತುಸು ಹೆಚ್ಚು. ಉದ್ದಗಲ 33 ಅಡಿಯ ಚೌಕವೇ ಒಂದು ಗುಂಟೆ. ಇಷ್ಟು ತಿಳಿದರೆ ಟೇಪು ಹಿಡಿದು ಒಂದು ಅಂದಾಜು ನಾವೇ ಮಾಡಿಕೊಳ್ಳಬಹುದು, ಆದರೆ ಅಳತೆ ಶುರು ಮಾಡಲು ಇಬ್ಬರೂ ಒಪ್ಪುವ ಒಂದು ಬಾಂದು ಕಲ್ಲಾದರೂ (ಗಡಿ ಗುರುತಿನ ಕಲ್ಲು) ಬೇಕು.

ಹದ್ದುಬಸ್ತಿಗೆ, ಅಂದರೆ ಸರ್ವೆಯರ್ ಅಳೆದು ಹದ್ದು (ಗಡಿ) ಗುರುತಿಸಿಕೊಡಲು, ಅರ್ಜಿ ಕೊಡಲು ಹೋದಾಗ ಇನ್ನೊಂದು ತೊಡಕು ಎದುರಾಯಿತು. ನಮ್ಮ ತಂದೆ ಮತ್ತು ಚಿಕ್ಕಪ್ಪನವರ ಪಾಲು ಪಹಣಿಯಲ್ಲಿ ಮಾತ್ರ ಬೇರೆಯಾಗಿತ್ತು, ನಕ್ಷೆಯಲ್ಲಿ ಪೋಡಿಯಾಗಿರಲಿಲ್ಲ, ಅಂದರೆ ಅಳೆದು ಬೇರೆ ಬೇರೆ ಗುರುತಿಸಿರಲಿಲ್ಲ. ಮೊದಲು ಪೋಡಿ ಮಾಡಿಸಿದೆ. ಅದಕ್ಕೇ ಹಲವು ತಿಂಗಳು ಹಿಡಿಯಿತು.

ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟೀಸು ಹೋಗಿ ಸರ್ವೆಯರ್ ಬಂದ ದಿನ, ಲಂಟಾನ ಕಡಿಸಿ ಹುಡುಕಿದರೂ ನಾಲ್ಕು ಕಲ್ಲುಗಳಲ್ಲಿ ಮೂರು ಮಾತ್ರ ಸಿಕ್ಕವು. ಪಕ್ಕದ ಯಜಮಾನರು ನಮ್ಮ ಬೋರ್‌ವೆಲ್ ತೊಟ್ಟಿಯತ್ತ ಕೈ ತೋರಿಸಿ, "ಆ ಬಟ್ಟೆ ಒಗೆಯೋ ಕಲ್ಲು ಎಲ್ಲಿಂದ ಬಂತಪ್ಪಾ?" ಎಂದರು. ಅದನ್ನು ಅಲ್ಲಿಗೆ ಹೊತ್ತು ತಂದವರು ನಮ್ಮ ಮನೆಯವರೇ! ನನ್ನ ದನಿ ಅಲ್ಲಿಂದ ತಗ್ಗಿತು.

ಉಳಿದ ಕಲ್ಲುಗಳಿಂದ ಅಳೆದಾಗ, ರಸ್ತೆಯ ಕಡೆ ಅವರ ಹೊಸ ಬದು ನಾಲ್ಕು ಅಡಿ ನಮ್ಮೊಳಗೆ ಬಂದಿತ್ತು. ಹಳ್ಳದ ಕಡೆ ಹಳೆಯ ಬದುವೇ ಓರೆಯಾಗಿದ್ದುದರಿಂದ ನಮ್ಮ ಏಳು ಅಡಿಕೆ ಮರಗಳು ಅವರ ಜಾಗದಲ್ಲಿ ನಿಂತಿದ್ದವು. ಆ ಮರಗಳ ವಿಷಯ ಬಾಯಿಮಾತಿನಲ್ಲಿ ಇತ್ಯರ್ಥವಾಗಲಿ ಎಂದು ಊರಿನ ಹಿರಿಯರು ಹೇಳಿದರೂ ನಾನು ಒಪ್ಪಲಿಲ್ಲ, ಏಕೆಂದರೆ ನಾಳೆ ಜಮೀನು ಮಕ್ಕಳ ಕೈಗೆ ಹೋದಾಗ ಆ ಮಾತಿಗೆ ಸಾಕ್ಷಿ ಇರುವುದಿಲ್ಲ. ಆ ವರ್ಷದ ಕೊಯ್ಲು ನಮಗೆ, ಅನಂತರ ಮರಗಳು ಅವರಿಗೆ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಒಗೆಯುವ ಕಲ್ಲನ್ನು ಯಜಮಾನರೂ ನಾನೂ ಸೇರಿ ಹೊತ್ತು, ಸರ್ವೆಯರ್ ಗುರುತು ಮಾಡಿದ ಮೂಲೆಯಲ್ಲಿ ಮತ್ತೆ ನೆಟ್ಟೆವು.