ಒಡೆದ ಕೋಶದಿಂದ ಸೋರಿದ್ದಲ್ಲ: ಕ್ಯಾಲ್‌ಪ್ರೊಟೆಕ್ಟಿನ್ ಬೆನ್ನು ಹತ್ತಿದ ನನ್ನ ಅನುಭವ

"ನಿನ್ನ ಕೋಶಗಳು ಒಡೆದಿವೆ, ಅಷ್ಟೇ." ಪ್ರಯೋಗಾಲಯದ ವಾರದ ಸಭೆಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನ್ಯೂಟ್ರೊಫಿಲ್‌ಗಳೆಂಬ ಬಿಳಿ ರಕ್ತಕಣಗಳು ಬದುಕಿರುವಾಗಲೇ ಎಸ್100ಎ8/ಎ9 ಅನ್ನು, ಅಂದರೆ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು, ಹೊರಗೆ ಬಿಡುತ್ತವೆ ಎಂದು ನಾನು ಹೇಳುವುದು, ಯಾರಾದರೊಬ್ಬರು ನಗುವುದು. ಅವರ ಅನುಮಾನವೂ ಹುರುಳಿಲ್ಲದ್ದಲ್ಲ. ಈ ಕೋಶದ ಸೈಟೊಸಾಲ್‌ನ (ಒಳದ್ರವದ) ಪ್ರೋಟೀನಿನಲ್ಲಿ ಹತ್ತಿರ ಹತ್ತಿರ ಶೇ. 45ರಷ್ಟು ಇದೇ. ನೂರರಲ್ಲಿ ಎರಡು ಕೋಶ ಒಡೆದರೂ ಸಾಕು, ಪ್ರೋಟೀನನ್ನು ಬಣ್ಣದಿಂದ ಅಳೆಯುವ ಎಲಿಸಾ ತಟ್ಟೆ ಹಳದಿಯಾಗಿ ಮೆರೆಯುತ್ತದೆ. ಹೊರಗೆ ಕಳಿಸಬೇಕು ಎಂಬ ವಿಳಾಸಚೀಟಿಯಂಥ ಸಿಗ್ನಲ್ ಪೆಪ್ಟೈಡ್ ಬೇರೆ ಇಲ್ಲ, ಆದ್ದರಿಂದ ಕೋಶದ ರವಾನೆ ಕೇಂದ್ರವಾದ ಗಾಲ್ಜಿಯ ರಾಜಮಾರ್ಗದಲ್ಲಿ ಬಂತು ಎನ್ನುವಂತೆಯೂ ಇಲ್ಲ.

ಮೊದಲ ಆರು ತಿಂಗಳು ಸೀರಮ್‌ನಲ್ಲೇ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ದ್ರವದಲ್ಲೇ, ಕಳೆದೆ. ರಕ್ತ ಹೆಪ್ಪುಗಟ್ಟುವಾಗಲೇ ನ್ಯೂಟ್ರೊಫಿಲ್‌ಗಳು ಇದನ್ನು ಬಿಟ್ಟುಬಿಡುತ್ತವೆ ಎಂಬುದು ತಲೆಗೆ ಹೊಳೆಯುವಷ್ಟರಲ್ಲಿ ಒಂದು ಎಲಿಸಾ ಕಿಟ್ ಖಾಲಿ. ನನ್ನ ನೆನಪಿನಲ್ಲಿ ಅದಕ್ಕೆ ಎಪ್ಪತ್ತು ಸಾವಿರ ರೂಪಾಯಿ. ಎರಡನೆಯ ಕಿಟ್‌ಗೆ ಮಾದರಿಗಳನ್ನು ಸರಿಯಾಗಿ ತೆಳುಗೊಳಿಸದೆ ಹಾಕಿದೆ. ಪ್ರೋಟೀನ್ ಅತಿಯಾಗಿ, ಹುಕ್ ಪರಿಣಾಮದಿಂದ ಅಂಕಿಗಳು ಏರುವ ಬದಲು ಇಳಿದವು. ಅದನ್ನು ನಿಜವೆಂದು ನಂಬಿ ಒಂದು ವಾರ ಹೊಸ ಸಿದ್ಧಾಂತ ಕಟ್ಟುತ್ತಾ ಕುಳಿತಿದ್ದೆ; ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಕೋಶ ಕೆರಳಿಸುವ ರಾಸಾಯನಿಕ ಪಿಎಂಎ. ನಾಲ್ಕು ಗಂಟೆ ಬಿಟ್ಟರೆ ಪ್ರೋಟೀನ್ ಧಾರಾಳವಾಗಿ ಸಿಗುತ್ತದೆ, ಆದರೆ ಕೋಶ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಹರಡಿ ಸತ್ತಿರುತ್ತದೆ. ಇಲಿಯ ಕಾಟಕ್ಕೆ ಮನೆಗೆ ಬೆಂಕಿ ಇಟ್ಟಂತೆ. ಇನ್ನೊಂದು ಕೆರಳಿಸುವ ರಾಸಾಯನಿಕವಾದ ಅಯೊನೊಮೈಸಿನ್‌ನಲ್ಲೂ, ಕೋಶ ಒಡೆದಾಗ ಸೋರುವ ಕಿಣ್ವವಾದ ಎಲ್‌ಡಿಹೆಚ್ ಜೊತೆಜೊತೆಗೇ ಏರಿತು.

ದಾರಿ ಸಿಕ್ಕಿದ್ದು ಇ-ಸೆಲೆಕ್ಟಿನ್‌ನಿಂದ. ಉರಿಯೂತವಾದ ರಕ್ತನಾಳದ ಒಳಗೋಡೆಯಲ್ಲಿ ನ್ಯೂಟ್ರೊಫಿಲ್ ಉರುಳುವಾಗ ಹಿಡಿದುಕೊಳ್ಳುವುದು ಇದನ್ನೇ. ತಟ್ಟೆಗೆ ಅದನ್ನು ಲೇಪಿಸಿ, ಹತ್ತೇ ನಿಮಿಷ ಕೋಶಗಳನ್ನು ಬಿಟ್ಟು, ಮೇಲಿನ ದ್ರವ ತೆಗೆದೆ. ಹೋಲಿಕೆಗೆಂದು ಬಿಎಸ್‌ಎ ಎಂಬ ಸಾಮಾನ್ಯ ಪ್ರೋಟೀನ್ ಲೇಪಿಸಿದ ಗುಂಡಿಗಿಂತ ನಾಲ್ಕೈದು ಪಟ್ಟು ಹೆಚ್ಚು! ಎಲ್‌ಡಿಹೆಚ್ ಮಾತ್ರ ಶೇ. 3-4 ದಾಟಲಿಲ್ಲ. ಅಷ್ಟು ಹೊತ್ತಿಗೆ ಕೋಶ ಬೇರ್ಪಡಿಸುವ ಕೈಯೂ ಪಳಗಿತ್ತು. ಹತ್ತು ಮಿಲಿಲೀಟರ್ ರಕ್ತದಿಂದ ಎರಡು ಕೋಟಿ ಕೋಶ ತೆಗೆಯುತ್ತಿದ್ದೆ. ಸೆಂಟ್ರಿಫ್ಯೂಜ್‌ಗೆ ಬ್ರೇಕ್ ಇಲ್ಲ, ವೋರ್ಟೆಕ್ಸ್ ಇಲ್ಲ, ಐಸ್ ಇಲ್ಲ. ತಣ್ಣಗಾಗಿಸಿ ಮತ್ತೆ ಬೆಚ್ಚಗಾಗಿಸಿದರೆ ಇವು ಮೊದಲೇ ಕೆರಳಿ ನಿಲ್ಲುತ್ತವೆ. ಲೇಪನದ ಪ್ರಮಾಣ ಮತ್ತು ದ್ರವ ತೆಗೆಯುವಾಗ ಪಿಪೆಟ್ ಹಿಡಿಯುವ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಎರಡು ಕಿಟ್‌ಗಳ ಬೆಲೆ ತೆತ್ತು ಕಲಿತದ್ದು.

ಆದರೂ ಒಬ್ಬರು ಬಿಡಲಿಲ್ಲ. ಸತ್ತ ಕೋಶ ಗುರುತಿಸುವ ಬಣ್ಣವಾದ ಪ್ರೊಪಿಡಿಯಂ ಅಯೊಡೈಡ್ ಹಾಕಿದಾಗ ಕೆಲವು ಕೋಶಗಳು ಕೆಂಪಾಗಿದ್ದವಲ್ಲ, ಸತ್ತಿವೆ ಎಂದರು. ನಾನೂ ತಿಂಗಳುಗಟ್ಟಲೆ ಹಾಗೆಯೇ ನಂಬಿದ್ದೆ. ವಾಸ್ತವದಲ್ಲಿ ಗ್ಯಾಸ್ಡರ್ಮಿನ್ ಡಿ ಎಂಬ ಪ್ರೋಟೀನ್ ಕೋಶದ ಪೊರೆಯಲ್ಲಿ ಕೊರೆಯುವ ರಂಧ್ರದಲ್ಲೂ ಆ ಬಣ್ಣ ನುಸುಳುತ್ತದೆ, ಮತ್ತು ಆ ರಂಧ್ರವನ್ನು ಕೋಶ ಮುಚ್ಚಿಕೊಳ್ಳಬಲ್ಲದು. 24 ಕಿಲೋಡಾಲ್ಟನ್‌ನ ಎಸ್100 ಜೋಡಿ ಅದರಲ್ಲಿ ಹಾಯುತ್ತದೆ, 140ರ ಎಲ್‌ಡಿಹೆಚ್ ಒಳಗೇ ಉಳಿಯುತ್ತದೆ. ಈ ರಂಧ್ರ ಕೊರೆಯಲು ಚಾಲನೆ ಕೊಡುವ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನನ್ನು ತಡೆಯುವ ಎಂಸಿಸಿ950 ಹಾಕಿದಾಗ ಬಿಡುಗಡೆ ಅರ್ಧಕ್ಕಿಂತ ಕೆಳಗಿಳಿಯಿತು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಕೂಡ ಗ್ಯಾಸ್ಡರ್ಮಿನ್‌ನ ರಂಧ್ರಕ್ಕೆ ಅಡ್ಡ ಬರುತ್ತದೆ. ಅದರಲ್ಲೂ ಅದೇ ಫಲಿತಾಂಶ. ಅಗ್ಗದ ಪುಡಿಯೊಂದು ನನ್ನ ಮಾನ ಉಳಿಸಿತು.

ನಡುವೆ ದಾರಿ ತಪ್ಪಿದ್ದೂ ಉಂಟು. ಮಿಕ್ಕ ದ್ರವವನ್ನು ಕ್ಯಾಂಡಿಡಾ ಶಿಲೀಂಧ್ರದ ಮೇಲೆ ಸುರಿದು ನೋಡಿದೆ. ಬೆಳವಣಿಗೆ ನಿಂತಿತು. ಚೂರು ಸತುವಿನ ಲವಣ ಸೇರಿಸಿದೆ, ಮತ್ತೆ ಬೆಳೆಯಿತು. ಈ ಪ್ರೋಟೀನ್ ಕ್ಯಾಲ್ಸಿಯಂ ಜೊತೆಗೆ ಸತುವನ್ನೂ ಹಿಡಿದಿಟ್ಟುಕೊಂಡು ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ ಎಂದು ಓದಿದ್ದೆ. ಕಣ್ಣಾರೆ ನೋಡಿದ ಖುಷಿಯೇ ಬೇರೆ. ಇನ್ನೊಮ್ಮೆ, ಬೆಳಿಗ್ಗೆ ನಂದಿಬೆಟ್ಟಕ್ಕೆ ಸೈಕಲ್ ತುಳಿದು ಬಂದ ಗೆಳೆಯ ರಕ್ತ ಕೊಟ್ಟ. ಅವನ ಪ್ಲಾಸ್ಮಾದಲ್ಲಿ ಆರಂಭದ ಅಂಕಿಯೇ ದುಪ್ಪಟ್ಟು. ಅಂದಿನಿಂದ ಒಪ್ಪಿಗೆ ಪತ್ರದ ಜೊತೆಗೆ "ನಿನ್ನೆಯಿಂದ ವ್ಯಾಯಾಮ ಮಾಡಿದ್ದೀರಾ?" ಎಂಬ ಪ್ರಶ್ನೆಯನ್ನೂ ಕೇಳುತ್ತೇನೆ.

ಎಂಟು ಜನರ ರಕ್ತದಲ್ಲಿ ಏಳರಲ್ಲಿ ಕೆಲಸ ಮಾಡಿದೆ. ಎಂಟನೆಯವರ ಕೋಶಗಳು ಇ-ಸೆಲೆಕ್ಟಿನ್‌ಗೆ ಜಪ್ಪಯ್ಯ ಎನ್ನಲಿಲ್ಲ, ಎರಡು ಸಲ ಮಾಡಿದರೂ ಅಷ್ಟೇ. ಫ್ರಿಜ್‌ನಲ್ಲಿ ಅರ್ಧ ಕಿಟ್ ಉಳಿದಿದೆ, ಅವಧಿ ಮುಗಿಯಲು ಎರಡು ತಿಂಗಳಿದೆ. ಅವರನ್ನು ಮತ್ತೊಮ್ಮೆ ಕರೆಯಬೇಕು.